ಓದುಗನ ಹ್ಯಾರಿ, ಚಿತ್ರಕಾರನ ಹ್ಯಾರಿ

ಕಾದಂಬರಿಯ ನಾಯಕ ನೋಡಲು ಹೇಗಿದ್ದಾನೆ ಎಂದು ಹತ್ತು ಜನ ಓದುಗರನ್ನು ಕೇಳಿದರೆ ಹತ್ತು ಬಗೆಯ ಉತ್ತರ ಬರುತ್ತದೆ. ಎಲ್ಲರೂ ಓದಿರುವುದು ಅವೇ ಅಕ್ಷರಗಳನ್ನು. ಲೇಖಕ ಎತ್ತರ ಹೇಳಿರುತ್ತಾನೆ, ಕೂದಲಿನ ಬಣ್ಣ ಹೇಳಿರುತ್ತಾನೆ, ಹೆಚ್ಚೆಂದರೆ ಮೂಗಿನ ಬಗ್ಗೆ ಒಂದು ಮಾತು ಆಡಿರುತ್ತಾನೆ. ಉಳಿದುದನ್ನೆಲ್ಲ ಓದುಗ ತನ್ನ ಕಡೆಯಿಂದ ತುಂಬಿಕೊಂಡಿರುತ್ತಾನೆ. ಹಾಗೆ ತುಂಬಿಕೊಂಡದ್ದು ಅವನಿಗೇ ಗೊತ್ತಿರುವುದಿಲ್ಲ. ಅದು ಗೊತ್ತಾಗುವುದು ಯಾರೋ ಒಬ್ಬ ಚಿತ್ರಕಾರ ಆ ನಾಯಕನನ್ನು ಬರೆದು ಮುಂದಿಟ್ಟಾಗ. ‘ಇವನಲ್ಲ’ ಎಂದು ಮನಸ್ಸು ಥಟ್ಟನೆ ಹೇಳುತ್ತದೆ. ಹಾಗಾದರೆ ಯಾರು ಎಂದರೆ ಅದಕ್ಕೆ ಉತ್ತರ ಹೊಳೆಯುವುದಿಲ್ಲ.

ಅಮೆರಿಕದ ಕಾದಂಬರಿಕಾರ ಜಿಮ್ ಬುಚರ್ ಅವರ ಓದುಗರಿಗೆ 2008ರಲ್ಲಿ ಆದದ್ದು ಇದೇ ಅನುಭವ. ಎಂಟು ವರ್ಷಗಳ ಕಾಲ, ಹತ್ತು ಕಾದಂಬರಿಗಳ ಉದ್ದಕ್ಕೂ ಅವರು ಜತೆಗೆ ನಡೆದುಬಂದಿದ್ದ ಹ್ಯಾರಿ ಡ್ರೆಸ್ಡನ್ ಎಂಬ ಮಾಂತ್ರಿಕ ಪತ್ತೇದಾರನನ್ನು ಆ ವರ್ಷ ಮೊದಲ ಬಾರಿಗೆ ಚಿತ್ರಗಳಲ್ಲಿ ಕಂಡರು. ‘ವೆಲ್‌ಕಮ್ ಟು ದ ಜಂಗಲ್’ ಎಂಬ ಆ ಗ್ರಾಫಿಕ್ ಕಾದಂಬರಿ ನಾಲ್ಕು ಸಂಚಿಕೆಗಳಾಗಿ ಬಂದು, ಅಕ್ಟೋಬರ್‌ನಲ್ಲಿ ಗಟ್ಟಿ ರಟ್ಟಿನ ಒಂದೇ ಪುಸ್ತಕವಾಯಿತು. ಅದು ಹಳೆಯ ಕಾದಂಬರಿಯೊಂದರ ಚಿತ್ರರೂಪವಲ್ಲ. ಸರಣಿಯ ಮೊದಲ ಕಾದಂಬರಿಗಿಂತ ಸ್ವಲ್ಪ ಹಿಂದೆ ನಡೆಯುವ ಹೊಸ ಕಥೆ, ಎಂದರೆ ಪೂರ್ವಕಥೆ. ಅದನ್ನು ಬರೆದವರು ಸ್ವತಃ ಬುಚರ್. ಆದರೂ ಓದುಗರ ಪ್ರತಿಕ್ರಿಯೆ ಒಂದೇ ದನಿಯಲ್ಲಿ ಬರಲಿಲ್ಲ. ಮೆಚ್ಚಿದವರೂ ಇದ್ದರು, ಮುನಿದವರೂ ಇದ್ದರು. ಮೆಚ್ಚಿಕೊಂಡೇ ಮುನಿದವರು ಇನ್ನೂ ಹೆಚ್ಚು. ಈ ಮೆಚ್ಚುಗೆ ಮುನಿಸುಗಳ ಕಾರಣ ಹುಡುಕುತ್ತ ಹೋದರೆ ಅದು ಒಂದು ಪುಸ್ತಕದ ಸಂಗತಿಯಾಗಿ ಉಳಿಯುವುದಿಲ್ಲ. ಅಕ್ಷರ ಮತ್ತು ಚಿತ್ರಗಳ ನಡುವಿನ ಹಳೆಯ ವ್ಯಾಜ್ಯಕ್ಕೆ ಬಂದು ಮುಟ್ಟುತ್ತದೆ.

ನಗರಕ್ಕೆ ಬಂದ ಮಾಂತ್ರಿಕರು

ಡ್ರೆಸ್ಡನ್ ಕಥೆಗಳು ಸೇರಿರುವ ಪ್ರಕಾರಕ್ಕೆ ಇಂಗ್ಲಿಷ್‌ನಲ್ಲಿ ‘ಅರ್ಬನ್ ಫ್ಯಾಂಟಸಿ’ ಎಂದು ಹೆಸರು. ಟೋಲ್ಕಿನ್ ಅವರಂಥ ಹಿಂದಿನ ಲೇಖಕರು ಮಾಯಾಲೋಕವನ್ನು ಕಟ್ಟಲು ಬೇರೆಯೇ ಒಂದು ಭೂಪಟ ಬರೆದುಕೊಳ್ಳಬೇಕಾಗಿತ್ತು. ಅರ್ಬನ್ ಫ್ಯಾಂಟಸಿಯ ಲೇಖಕರು ಆ ಮಾಯೆಯನ್ನು ತಮ್ಮ ಕಾಲದ ನಗರಗಳ ಬೀದಿಗೇ ಕರೆತಂದರು. ಚಾರ್ಲ್ಸ್ ಡಿ ಲಿಂಟ್ 1984ರಲ್ಲಿ ಕೆನಡಾದ ಒಟ್ಟಾವ ನಗರವನ್ನೂ, ಎಮಾ ಬುಲ್ 1987ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರವನ್ನೂ ಇಂಥ ಕಥೆಗಳಿಗೆ ಆರಿಸಿಕೊಂಡರು. 1993ರಲ್ಲಿ ಲಾರೆಲ್ ಕೆ. ಹ್ಯಾಮಿಲ್ಟನ್ ಅವರ ಅನಿಟಾ ಬ್ಲೇಕ್ ಸರಣಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾಯಿತು. ರಕ್ತಪಿಶಾಚಿಗಳು ಕಾನೂನುಬದ್ಧವಾಗಿ ಬದುಕುವ ನಗರ ಅದು. ಅವರಲ್ಲಿ ತಪ್ಪಿತಸ್ಥರನ್ನು ಬೇಟೆಯಾಡುವುದು ಅನಿಟಾಳ ವೃತ್ತಿ.

ಬುಚರ್ ಈ ದಾರಿಗೆ ಬಂದದ್ದು ವಿದ್ಯಾರ್ಥಿಯಾಗಿ. ಮಿಸೌರಿ ರಾಜ್ಯದಲ್ಲಿ 1971ರಲ್ಲಿ ಹುಟ್ಟಿದ ಅವರು ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಕಾದಂಬರಿಗಾರ್ತಿ ಡೆಬೊರಾ ಚೆಸ್ಟರ್ ಅವರ ಬರವಣಿಗೆ ತರಗತಿಗೆ ಸೇರಿದ್ದರು. ಬುಚರ್ ಹೇಳಿಕೊಂಡಿರುವಂತೆ, ಗುರುವಿನ ಸೂತ್ರಗಳಿಂದ ಒಳ್ಳೆಯ ಕಾದಂಬರಿ ಹುಟ್ಟದು ಎಂದು ತೋರಿಸಿಕೊಡುವ ಹಟದಿಂದಲೇ ಆ ಸೂತ್ರಗಳನ್ನೆಲ್ಲ ಪಾಲಿಸಿ ಒಂದು ಕಥೆ ಬರೆದರು. ಹುಟ್ಟಿದ್ದು ‘ಸ್ಟಾರ್ಮ್ ಫ್ರಂಟ್’. ಕಥೆಯನ್ನು ಕ್ಯಾನ್ಸಸ್ ಸಿಟಿಯಲ್ಲಿ ಇಡಬೇಕೆಂದಿದ್ದರು. ಅದು ಹ್ಯಾಮಿಲ್ಟನ್ ಅವರ ಸೇಂಟ್ ಲೂಯಿಸ್‌ಗೆ ತೀರ ಹತ್ತಿರ, ಬೇರೆ ಊರು ನೋಡು ಎಂದರಂತೆ ಗುರು. ಮೇಜಿನ ಮೇಲಿದ್ದ ಭೂಗೋಲದಲ್ಲಿ ಹೆಸರು ಕಂಡ ಕೆಲವೇ ನಗರಗಳಲ್ಲಿ ಷಿಕಾಗೊವನ್ನು ಬುಚರ್ ಆರಿಸಿದರು. 2000ದಲ್ಲಿ ಪುಸ್ತಕ ಪ್ರಕಟವಾಯಿತು.

ಷಿಕಾಗೊದ ಟೆಲಿಫೋನ್ ಡೈರೆಕ್ಟರಿಯಲ್ಲಿ ‘ಮಾಂತ್ರಿಕ’ ಎಂಬ ತಲೆಬರಹದಡಿ ಹೆಸರು ಹಾಕಿಸಿಕೊಂಡಿರುವ ಏಕೈಕ ವ್ಯಕ್ತಿ ಹ್ಯಾರಿ ಡ್ರೆಸ್ಡನ್. ಜಾದೂಗಾರನಾಗಿದ್ದ ತಂದೆ ಪ್ರಸಿದ್ಧ ಜಾದೂಗಾರರ ಹೆಸರುಗಳನ್ನು ಪೋಣಿಸಿ ಮಗನಿಗೆ ಇಟ್ಟಿದ್ದಾನೆ. ಹ್ಯಾರಿ ವಿಪರೀತ ಎತ್ತರ, ಸಣಕಲು ಮೈ. ಉದ್ದನೆಯ ಕರಿ ಕೋಟು, ಕೈಯಲ್ಲೊಂದು ಕೋಲು. ನೆಲಮಾಳಿಗೆಯ ಬಾಡಿಗೆ ಮನೆ, ಬಾಡಿಗೆ ಕಟ್ಟಲು ಸದಾ ಹಣದ ಅಡಚಣೆ. ಮಾತಾಡುವ ತಲೆಬುರುಡೆಯೊಂದು ಅವನ ಗ್ರಂಥಾಲಯ. ಮಾಂತ್ರಿಕನ ಸಮೀಪದಲ್ಲಿ ಯಂತ್ರಗಳು ಕೆಡುತ್ತವೆ ಎಂಬ ಕಾರಣಕ್ಕೆ ಅವನ ಬಳಿ ಇರುವುದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಪೊಲೀಸ್ ಅಧಿಕಾರಿ ಕ್ಯಾರಿನ್ ಮರ್ಫಿ ಬಿಡಿಸಲಾಗದ ಪ್ರಕರಣಗಳಿಗೆ ಅವನನ್ನು ಕರೆಸುತ್ತಾಳೆ. ಈ ವಿವರಗಳೆಲ್ಲ ಓದುಗರಿಗೆ ಕಂಠಪಾಠ. ಅದರಿಂದಲೇ ಅವರು ಚಿತ್ರವನ್ನು ಅಷ್ಟು ಕಟ್ಟುನಿಟ್ಟಾಗಿ ಅಳೆದರು.

ಒಳಗಿನ ದನಿ, ಹೊರಗಿನ ಮುಖ

ಇಲ್ಲಿ ಒಂದು ಸೂಕ್ಷ್ಮವಿದೆ. ಡ್ರೆಸ್ಡನ್ ಕಾದಂಬರಿಗಳನ್ನು ಹೇಳುವವನು ಡ್ರೆಸ್ಡನ್ನೇ. ಅನಿಟಾ ಬ್ಲೇಕ್ ಕಥೆಗಳನ್ನು ಹೇಳುವವಳು ಅನಿಟಾಳೇ. ಅರ್ಬನ್ ಫ್ಯಾಂಟಸಿಯ ಬಹುಪಾಲು ಜನಪ್ರಿಯ ಸರಣಿಗಳು ಉತ್ತಮ ಪುರುಷ ನಿರೂಪಣೆಯಲ್ಲಿವೆ. ರೇಮಂಡ್ ಚಾಂಡ್ಲರ್ ಅವರ ಫಿಲಿಪ್ ಮಾರ್ಲೊನಂಥ ಅಮೆರಿಕನ್ ಪತ್ತೇದಾರರಿಂದ ಬಂದ ಬಳುವಳಿ ಇದು. ಪೆಟ್ಟು ತಿಂದರೂ ವ್ಯಂಗ್ಯ ಬಿಡದ, ಕಿಸೆ ಬರಿದಾದರೂ ಮಾತಿಗೆ ಬಡತನವಿಲ್ಲದ ಒಬ್ಬ ವ್ಯಕ್ತಿಯ ದನಿಯೇ ಕಥೆಯ ಅರ್ಧ ಸೊಗಸು.

ತನ್ನ ಕಥೆಯನ್ನು ತಾನೇ ಹೇಳುವವನಿಗೆ ತನ್ನ ಮುಖ ಕಾಣುವುದಿಲ್ಲ. ಓದುಗ ಅವನ ತಲೆಯೊಳಗೆ ಕುಳಿತು ಅವನ ಕಣ್ಣಿನಿಂದ ಊರನ್ನು ನೋಡುತ್ತಾನೆ. ಮರ್ಫಿ ಕಾಣುತ್ತಾಳೆ, ಬೀದಿ ಕಾಣುತ್ತದೆ, ಎದುರಿಗೆ ನಿಂತ ಪಿಶಾಚಿ ಕಾಣುತ್ತದೆ. ಹ್ಯಾರಿ ಮಾತ್ರ ಕಾಣುವುದಿಲ್ಲ. ಚಿತ್ರಕಥೆಯಲ್ಲಿ ಇದು ಬುಡಮೇಲಾಗುತ್ತದೆ. ಪ್ರತಿ ಚೌಕಟ್ಟಿನಲ್ಲೂ ಹ್ಯಾರಿ ಎದುರಿಗೆ ನಿಲ್ಲುತ್ತಾನೆ. ಇಷ್ಟು ದಿನ ಒಳಗಿದ್ದ ಓದುಗ ಈಗ ಹೊರಗೆ ನಿಂತು ನೋಡಬೇಕು. ‘ಹ್ಯಾರಿ ಹೀಗಿಲ್ಲ’ ಎಂಬ ದೂರಿನ ಹಿಂದೆ ಮೂಗು ಗದ್ದಗಳ ಲೆಕ್ಕವಷ್ಟೇ ಇಲ್ಲ, ತನ್ನ ಜಾಗ ಹೋಯಿತೆಂಬ ಕಸಿವಿಸಿಯೂ ಇದೆ.

ಜರ್ಮನಿಯ ವಿಮರ್ಶಕ ವುಲ್ಫ್‌ಗಾಂಗ್ ಈಸರ್ 1970ರ ದಶಕದಲ್ಲಿ ಇದೇ ಸಂಗತಿಯನ್ನು ಸಿನಿಮಾದ ಉದಾಹರಣೆಯಿಂದ ವಿವರಿಸಿದ್ದರು. ಫೀಲ್ಡಿಂಗ್‌ನ ‘ಟಾಮ್ ಜೋನ್ಸ್’ ಓದಿದವರು ಅದರ ಸಿನಿಮಾ ನೋಡಿ ನಿರಾಶರಾಗುತ್ತಾರೆ. ಓದುವಾಗ ಅವರ ಮನಸ್ಸಿನಲ್ಲಿ ಖಚಿತ ಮುಖವೊಂದು ಇತ್ತೆಂದಲ್ಲ, ಖಚಿತ ಮುಖವಿಲ್ಲದ್ದರಿಂದಲೇ ಕಲ್ಪನೆಗೆ ಎಡೆಯಿತ್ತು ಎಂಬುದು ಅವರ ವಾದದ ತಿರುಳು. ಪರದೆಯ ಮೇಲೆ ಒಂದು ಮುಖ ಬಂದೊಡನೆ ಆ ಎಡೆ ಮುಚ್ಚಿಹೋಗುತ್ತದೆ.

ಫ್ಲೊಬೇರ್‌ನ ಹಟ, ಪ್ಯಾಜೆಟ್‌ನ ಟೋಪಿ

ಈಸರ್‌ಗಿಂತ ನೂರು ವರ್ಷ ಮೊದಲೇ ಫ್ರಾನ್ಸಿನ ಗುಸ್ತಾವ್ ಫ್ಲೊಬೇರ್ ಇದನ್ನು ಕಂಡುಕೊಂಡಿದ್ದ. ತಾನು ಬದುಕಿರುವವರೆಗೆ ತನ್ನ ಪುಸ್ತಕಗಳಿಗೆ ಚಿತ್ರ ಹಾಕಿಸಲು ಬಿಡುವುದಿಲ್ಲ ಎಂದು 1862ರಲ್ಲಿ ಪತ್ರ ಬರೆದ. ಅಕ್ಷರದಲ್ಲಿ ಬಂದ ಹೆಣ್ಣು ಸಾವಿರ ಹೆಣ್ಣುಗಳನ್ನು ನೆನಪಿಸುತ್ತಾಳೆ, ಚಿತ್ರದಲ್ಲಿ ಬಂದ ಹೆಣ್ಣು ಒಬ್ಬಳನ್ನೇ ಹೋಲುತ್ತಾಳೆ ಎಂಬುದು ಅವನ ತರ್ಕ.

ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. 1891ರಲ್ಲಿ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳು ಶುರುವಾದಾಗ ಚಿತ್ರ ಬರೆದವರು ಸಿಡ್ನಿ ಪ್ಯಾಜೆಟ್. ಆರ್ಥರ್ ಕಾನನ್ ಡಾಯ್ಲ್ ಅವರ ಕಲ್ಪನೆಯ ಹೋಮ್ಸ್ ಅಷ್ಟೇನೂ ಸುಂದರನಲ್ಲ. ಪ್ಯಾಜೆಟ್ ತಮ್ಮ ಸ್ಫುರದ್ರೂಪಿ ಸಹೋದರ ವಾಲ್ಟರ್‌ನನ್ನು ಮಾದರಿಯಾಗಿಟ್ಟುಕೊಂಡರೆಂದು ಹೇಳಲಾಗುತ್ತದೆ. ಹೀಗಾಗಿ ಹೋಮ್ಸ್ ಸುಂದರನಾದ. ಕಥೆಯಲ್ಲಿ ಡಾಯ್ಲ್ ಬರೆದದ್ದು ತಲೆಗೆ ಬಿಗಿಯಾಗಿ ಕೂರುವ ಬಟ್ಟೆಯ ಟೋಪಿ ಎಂದಷ್ಟೇ. ಪ್ಯಾಜೆಟ್ ಅದನ್ನು ಬೇಟೆಗಾರರು ಧರಿಸುವ, ಮುಂದೆ ಹಿಂದೆ ಎರಡೂ ಕಡೆ ಅಂಚಿರುವ ಟೋಪಿಯಾಗಿ ಬರೆದರು. ಇಂದು ಆ ಟೋಪಿಯ ನೆರಳು ಗೋಡೆಯ ಮೇಲೆ ಬಿದ್ದರೂ ಜನ ಹೋಮ್ಸ್ ಎನ್ನುತ್ತಾರೆ.

ಡ್ರೆಸ್ಡನ್‌ಗೂ ಇಂಥದೇ ಟೋಪಿಯೊಂದು ಅಂಟಿಕೊಂಡಿತು. ಕಾದಂಬರಿಗಳಲ್ಲಿ ಅವನು ಟೋಪಿ ಹಾಕುವವನಲ್ಲ. ಆದರೆ ಮುಖಪುಟ ಚಿತ್ರಕಾರ ಕ್ರಿಸ್ ಮೆಗ್ರಾತ್ ಅವನ ತಲೆಯ ಮೇಲೆ ಅಗಲ ಅಂಚಿನ ಟೋಪಿ ಇಟ್ಟು, ಮುಖದ ಅರ್ಧವನ್ನು ನೆರಳಿನಲ್ಲಿ ಮುಚ್ಚಿದರು. ಓದುಗರಲ್ಲಿ ಅದೊಂದು ಕಾಯಂ ನಗೆಚಾಟಿಕೆಯ ವಿಷಯ. ಆದರೆ ಆ ನೆರಳಿನಿಂದ ಒಂದು ಲಾಭವೂ ಇತ್ತು. ಮುಖ ಪೂರ್ತಿ ಕಾಣದ್ದರಿಂದ ಮುಖಪುಟದ ಚಿತ್ರ ಓದುಗನ ಹ್ಯಾರಿಯ ಜತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ.

ಪೂರ್ವಕಥೆಯ ಲಾಭ ನಷ್ಟ

ಪೂರ್ವಕಥೆಗೆ ಇಂಗ್ಲಿಷ್‌ನಲ್ಲಿ ಬಳಕೆಯಲ್ಲಿರುವ ‘ಪ್ರೀಕ್ವೆಲ್’ ಎಂಬ ಪದ ಇತ್ತೀಚಿನದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನ ಕಥೆಗಳ ಚರ್ಚೆಯಲ್ಲಿ ಹುಟ್ಟಿದ ಆ ಪದ ಮನೆಮಾತಾದದ್ದು 1999ರಲ್ಲಿ ‘ಸ್ಟಾರ್ ವಾರ್ಸ್’ ಪೂರ್ವಕಥಾ ಚಿತ್ರಗಳು ಬಂದ ಮೇಲೆ. ಪದ ಹೊಸದಾದರೂ ರೂಢಿ ಹಳೆಯದು. 1893ರ ಡಿಸೆಂಬರ್‌ನಲ್ಲಿ ಡಾಯ್ಲ್ ಹೋಮ್ಸ್‌ನನ್ನು ಜಲಪಾತದಲ್ಲಿ ಸಾಯಿಸಿದಾಗ ‘ಸ್ಟ್ರ್ಯಾಂಡ್’ ಪತ್ರಿಕೆ 20,000 ಚಂದಾದಾರರನ್ನು ಕಳೆದುಕೊಂಡಿತೆಂಬ ಮಾತಿದೆ. ಓದುಗರ ಒತ್ತಾಯಕ್ಕೆ ಡಾಯ್ಲ್ ಮೊದಲು ಕೊಟ್ಟ ಉತ್ತರ 1901ರ ‘ಬಾಸ್ಕರ್‌ವಿಲ್ಸ್’ ಕಾದಂಬರಿ. ಅದರಲ್ಲಿ ಹೋಮ್ಸ್ ಮತ್ತೆ ಬದುಕಿ ಬರಲಿಲ್ಲ. ಸಾಯುವುದಕ್ಕಿಂತ ಹಿಂದಿನ ಒಂದು ಪ್ರಕರಣವನ್ನು ಹೇಳಲಾಯಿತು. ಓದುಗರು ತೃಪ್ತರಾಗಲಿಲ್ಲ. 1903ರಲ್ಲಿ ಹೋಮ್ಸ್‌ನನ್ನು ಬದುಕಿಸಲೇಬೇಕಾಯಿತು.

ಭಾರತೀಯ ಕಥನ ಪರಂಪರೆಗೆ ಇದು ಇನ್ನೂ ಪರಿಚಿತ. ರಾಮಾಯಣದಲ್ಲಿ ರಾವಣನ ಹುಟ್ಟು, ತಪಸ್ಸು, ದಿಗ್ವಿಜಯಗಳ ಕಥೆ ಬರುವುದು ರಾವಣ ಸತ್ತ ಮೇಲೆ, ಉತ್ತರಕಾಂಡದಲ್ಲಿ. ಪಂಪ 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಆದಿತೀರ್ಥಂಕರನ ಹಿಂದಿನ ಜನ್ಮಗಳ ಸಾಲು ಸಾಲು ಕಥೆಯಿದೆ. ಜೈನ ಕವಿಗಳು ಇದನ್ನು ಭವಾವಳಿ ಎಂದರು. ಕೇಳುವವನಿಗೆ ಕೊನೆ ಮೊದಲೇ ಗೊತ್ತು. ಜೀವ ಯಾವ ಯಾವ ಆಸೆಗಳನ್ನು ದಾಟಿ ಆ ಕೊನೆಗೆ ಬಂತು ಎಂಬುದೇ ಅವನ ಕುತೂಹಲ.

ಪೂರ್ವಕಥೆಯ ನಿಯಮ ಇಲ್ಲಿ ಸ್ಪಷ್ಟವಾಗುತ್ತದೆ. ಮುಂದೇನಾಗುವುದೋ ಎಂಬ ಆತಂಕವನ್ನು ಅದು ಕಳೆದುಕೊಳ್ಳುತ್ತದೆ. ನಾಯಕ ಸಾಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಏಕೆಂದರೆ ಅವನ ಮುಂದಿನ ಹತ್ತು ಪುಸ್ತಕಗಳು ಕಪಾಟಿನಲ್ಲಿವೆ. ಆ ನಷ್ಟಕ್ಕೆ ಪ್ರತಿಯಾಗಿ ಅದು ‘ಇವನು ಹೀಗೇಕಾದ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಕೊಡದಿದ್ದರೆ ಓದುಗ ಮೋಸ ಹೋದೆನೆಂದುಕೊಳ್ಳುತ್ತಾನೆ.

ಮೃಗಾಲಯದ ಕೊಲೆ

‘ವೆಲ್‌ಕಮ್ ಟು ದ ಜಂಗಲ್’ ಬಂದಾಗ ಡ್ರೆಸ್ಡನ್ ಓದುಗರು ಆಗಲೇ ಒಮ್ಮೆ ಕೈ ಸುಟ್ಟುಕೊಂಡಿದ್ದರು. 2007ರ ಜನವರಿಯಲ್ಲಿ ಅಮೆರಿಕದ ‘ಸೈ ಫೈ’ ವಾಹಿನಿ ಈ ಕಥೆಗಳನ್ನು ದೂರದರ್ಶನ ಸರಣಿಯಾಗಿ ತಂದಿತ್ತು. ಪಾಲ್ ಬ್ಲ್ಯಾಕ್‌ಥಾರ್ನ್ ಹ್ಯಾರಿಯ ಪಾತ್ರ ಮಾಡಿದ್ದರು. ಅಲ್ಲಿ ಬೀಟಲ್ ಕಾರು ಹೋಗಿ ಜೀಪು ಬಂದಿತ್ತು. ಮಾಂತ್ರಿಕನ ಕೋಲು ಹಾಕಿ ಕೋಲಾಗಿತ್ತು. ತಲೆಬುರುಡೆಯೊಳಗಿನ ಬಾಬ್ ಮನುಷ್ಯರೂಪದ ಪ್ರೇತವಾಗಿದ್ದ. ಹೊಂಬಣ್ಣದ ಕೂದಲಿನ ಕ್ಯಾರಿನ್ ಮರ್ಫಿ ಕಪ್ಪು ಕೂದಲಿನ ಕಾನಿ ಮರ್ಫಿಯಾಗಿದ್ದಳು. ಸರಣಿ 12 ಕಂತಿಗೆ ನಿಂತಿತು. ಅದನ್ನು ಇಷ್ಟಪಟ್ಟವರೂ ಇದ್ದರಾದರೂ ಪುಸ್ತಕದ ಓದುಗರಲ್ಲಿ ಹಲವರಿಗೆ ಅದು ಬೇರೆ ಯಾರದೋ ಕಥೆಯಂತೆ ಕಂಡಿತ್ತು.

ಹೀಗಾಗಿ ಲೇಖಕನೇ ಬರೆದ ಚಿತ್ರಕಥೆಯ ಮೇಲೆ ನಿರೀಕ್ಷೆ ದೊಡ್ಡದಿತ್ತು. ಡೇಬಲ್ ಬ್ರದರ್ಸ್ ಮತ್ತು ಡೆಲ್ ರೇ ಸೇರಿ ಹೊರತಂದ ಪುಸ್ತಕಕ್ಕೆ ಚಿತ್ರ ಬರೆದವರು ಇಂಡೊನೇಷ್ಯಾದ ಆರ್ಡಿಯನ್ ಸ್ಯಾಫ್. ಷಿಕಾಗೊದ ಲಿಂಕನ್ ಪಾರ್ಕ್ ಮೃಗಾಲಯದಲ್ಲಿ ಕಾವಲುಗಾರನೊಬ್ಬ ಭೀಕರವಾಗಿ ಸತ್ತುಬಿದ್ದಿದ್ದಾನೆ. ಎಲ್ಲರ ಬೆರಳೂ ಮೋ ಎಂಬ ಗೊರಿಲ್ಲಾದ ಕಡೆಗೆ. ಮರ್ಫಿ ಹ್ಯಾರಿಯನ್ನು ಕರೆಸುತ್ತಾಳೆ; ಇದು ಪ್ರಾಣಿಯ ಕೆಲಸವಲ್ಲವೆಂದು ಅವನಿಗೆ ಅನುಮಾನ. ಗೊರಿಲ್ಲಾವನ್ನು ಕೊಲ್ಲುವುದಕ್ಕೆ ಮೊದಲು ನಿಜವಾದ ಅಪರಾಧಿಯನ್ನು ಹಿಡಿಯಬೇಕು.

ಸ್ಥಳದ ಆಯ್ಕೆ ಸೊಗಸಾದದ್ದು. 1868ರಲ್ಲಿ ಆರಂಭವಾದ, ಇಂದಿಗೂ ಪ್ರವೇಶ ಶುಲ್ಕವಿಲ್ಲದ ಆ ಮೃಗಾಲಯ ಷಿಕಾಗೊ ಜನರ ಅಚ್ಚುಮೆಚ್ಚಿನ ಜಾಗ. ಅಲ್ಲಿ 1930ರಿಂದ 1951ರವರೆಗೆ ಬದುಕಿದ್ದ ಬುಷ್‌ಮನ್ ಎಂಬ ಗೊರಿಲ್ಲಾ ಒಂದು ಕಾಲಕ್ಕೆ ನಗರದ ಹೆಮ್ಮೆಯಾಗಿತ್ತು. ಸತ್ತ ಮೇಲೂ ಅದರ ದೇಹವನ್ನು ನಗರದ ಫೀಲ್ಡ್ ಮ್ಯೂಸಿಯಂನಲ್ಲಿ ಕಾದಿರಿಸಿದ್ದಾರೆ. ಗೊರಿಲ್ಲಾವೊಂದಕ್ಕೆ ನ್ಯಾಯ ಕೊಡಿಸುವ ಕಥೆಗೆ ಇದಕ್ಕಿಂತ ತಕ್ಕ ನೆಲ ಸಿಗದು.

ಮೆಚ್ಚಿದವರು ಮೆಚ್ಚಿದ್ದು ಇಂಥ ಸಂಗತಿಗಳನ್ನೇ. ದೂರದರ್ಶನ ಕಿತ್ತುಕೊಂಡಿದ್ದನ್ನು ಪುಸ್ತಕ ಹಿಂದಿರುಗಿಸಿತ್ತು. ಬಾಬ್ ತಲೆಬುರುಡೆಯಾಗಿ ಮರಳಿದ್ದ, ಮರ್ಫಿ ಮರ್ಫಿಯಾಗಿದ್ದಳು, ಉದ್ದ ಕೋಟು ಸರಿಯಾಗಿತ್ತು. ಚಿತ್ರಗಳಲ್ಲಿ ವಿವರದ ಸಮೃದ್ಧಿಯಿತ್ತು. ಸರಣಿಯನ್ನು ಎಂದೂ ಓದದವರು ಇದರಿಂದ ಶುರುಮಾಡಬಹುದೆಂದು ಅಭಿಮಾನಿಗಳು ಸ್ನೇಹಿತರ ಕೈಗೆ ಕೊಟ್ಟರು.

ಮುನಿದವರ ದೂರುಗಳು ಮೂರು ಬಗೆಯವು. ಮೊದಲನೆಯದು ರೂಪದ್ದು. ಸಣಕಲು ಹ್ಯಾರಿ ಚಿತ್ರದಲ್ಲಿ ಕಟ್ಟುಮಸ್ತಾಗಿ, ಸಿನಿಮಾ ನಾಯಕನಂತೆ ಕಂಡ. ಮರ್ಫಿ ಕುಳ್ಳಗೆ, ಮುದ್ದಾಗಿ ಕಾಣುವವಳು. ನೋಡಿದವರು ಅವಳನ್ನು ಕಡೆಗಣಿಸಿ ಪೆಟ್ಟು ತಿನ್ನುತ್ತಾರೆ ಎಂಬುದು ಕಾದಂಬರಿಯ ತಮಾಷೆ. ಅಮೆರಿಕದ ಸಾಹಸ ಚಿತ್ರಕಥೆಗಳ ರೂಢಿಯ ಸುಂದರಿಯಾದರೆ ಆ ತಮಾಷೆ ಉಳಿಯುವುದಿಲ್ಲ.

ಎರಡನೆಯದು ದನಿಯದು. ಕಾದಂಬರಿಯಲ್ಲಿ ಪುಟಗಟ್ಟಲೆ ಹರಿಯುವ ಹ್ಯಾರಿಯ ಹರಟೆ ಇಲ್ಲಿ ಚೌಕಟ್ಟಿನ ಮೂಲೆಯ ಪುಟ್ಟ ಪೆಟ್ಟಿಗೆಗಳಲ್ಲಿ ಅಡಗಬೇಕಾಯಿತು. ಕೆಲವರಿಗೆ ಆ ಪೆಟ್ಟಿಗೆಗಳು ಕಡಿಮೆಯಾದವು. ಚಿತ್ರಕಥೆ ಓದಿ ಪಳಗಿದವರಿಗೆ ಅವೇ ಹೆಚ್ಚಾದವು. ಬೆಂಕಿ ಹೊತ್ತಿದ ಚಿತ್ರದ ಮೇಲೆ ಬೆಂಕಿ ಹೊತ್ತಿತು ಎಂದು ಬರೆಯುವುದೇಕೆ ಎಂದು ಅವರು ಕೇಳಿದರು. ಮೂರು ರಾತ್ರಿ ಓದಿಸಿಕೊಳ್ಳುವ ಕಾದಂಬರಿಗೆ ಒಗ್ಗಿದವರು ಒಂದೇ ಕೂರಿಗೆ ಮುಗಿಯುವ ಪುಸ್ತಕ ಕಂಡು ‘ಇಷ್ಟೇನಾ’ ಎಂದರು. ಎರಡು ಬೇರೆ ಬೇರೆ ಓದಿನ ಅಭ್ಯಾಸಗಳು ಒಂದೇ ಪುಸ್ತಕದಲ್ಲಿ ಎದುರಾಗಿದ್ದವು.

ಮೂರನೆಯದು ಹೆಚ್ಚು ತೂಕದ್ದು. ಹ್ಯಾರಿಯ ಹಿಂದಿನ ಬದುಕಿನಲ್ಲಿ ಕಾದಂಬರಿಗಳು ಹೇಳಿಯೂ ಹೇಳದೆ ಬಿಟ್ಟ ಸಂಗತಿಗಳು ಬಹಳ. ಅನಾಥ ಹುಡುಗನನ್ನು ಸಾಕಿದ ಗುರುವೇ ಅವನನ್ನು ಗುಲಾಮನಾಗಿಸಲು ಹೊರಟದ್ದು, ಹದಿಹರೆಯದಲ್ಲೇ ಆ ಗುರುವನ್ನು ಕೊಂದು ಹ್ಯಾರಿ ಮಾಂತ್ರಿಕರ ಸಭೆಯೆದುರು ಅಪರಾಧಿಯಾಗಿ ನಿಂತದ್ದು, ಬಳಿಕ ಮತ್ತೊಬ್ಬ ಗುರುವಿನ ಹೊಲದಲ್ಲಿ ದುಡಿಯುತ್ತ ಮನುಷ್ಯನಾದದ್ದು. ಪೂರ್ವಕಥೆ ಎಂದಾಗ ಓದುಗರು ನಿರೀಕ್ಷಿಸಿದ್ದು ಇಂಥದನ್ನು. ಸಿಕ್ಕಿದ್ದು ‘ಸ್ಟಾರ್ಮ್ ಫ್ರಂಟ್’ಗೆ ತುಸುವೇ ಮೊದಲಿನ ಇನ್ನೊಂದು ಪ್ರಕರಣ. ಹ್ಯಾರಿ ಹೇಗಿದ್ದನೋ ಹಾಗೆಯೇ ಇದ್ದ. ಆತಂಕವನ್ನು ಬಿಟ್ಟುಕೊಟ್ಟ ಓದುಗನಿಗೆ ಪ್ರತಿಯಾಗಿ ಸಿಗಬೇಕಾದ ಅರಿವು ಪೂರ್ತಿ ಸಿಗಲಿಲ್ಲ.

ಆದರೂ ಪುಸ್ತಕ ಸೋತಿತೆನ್ನಲಾಗದು. 2009ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವ ವಿಜ್ಞಾನಕಥಾ ಸಮ್ಮೇಳನ ಹ್ಯೂಗೊ ಪ್ರಶಸ್ತಿಗಳಲ್ಲಿ ಮೊದಲ ಬಾರಿಗೆ ಚಿತ್ರಕಥೆಗೆ ಒಂದು ವಿಭಾಗ ತೆರೆದಾಗ ಅಂತಿಮ ಪಟ್ಟಿಯಲ್ಲಿ ಈ ಪುಸ್ತಕವೂ ಇತ್ತು. ಗೆದ್ದದ್ದು ಫಿಲ್ ಮತ್ತು ಕಾಯಾ ಫೊಗ್ಲಿಯೊ ದಂಪತಿಯ ‘ಗರ್ಲ್ ಜೀನಿಯಸ್’. ಹ್ಯೂಗೊ ಪ್ರಶಸ್ತಿಗೆ ಹೆಸರು ಸೂಚಿಸುವವರೂ ಮತ ಹಾಕುವವರೂ ಸಮ್ಮೇಳನದ ಸದಸ್ಯರು, ಎಂದರೆ ಓದುಗರೇ. ದೂರಿದ ಓದುಗ ಸಮುದಾಯವೇ ಗೌರವವನ್ನೂ ಕೊಟ್ಟಿತ್ತು.

ಮೆಕ್ಯಾನಿಕ್ ಹೆಣ್ಣಿನ ಕೈಗಳು

ಇದೇ ಅವಧಿಯಲ್ಲಿ ಇನ್ನೂ ಎರಡು ಸರಣಿಗಳು ಇದೇ ದಾರಿ ತುಳಿದವು. ಅನಿಟಾ ಬ್ಲೇಕ್‌ಳ ಪೂರ್ವಕಥೆ ‘ದ ಫಸ್ಟ್ ಡೆತ್’ 2007ರಲ್ಲಿ ಬಂತು. ಪೆಟ್ರೀಷಿಯಾ ಬ್ರಿಗ್ಸ್ ಅವರ ಮರ್ಸಿ ಥಾಮ್ಸನ್ ಸರಣಿಗೆ 2009ರಲ್ಲಿ ‘ಹೋಮ್‌ಕಮಿಂಗ್’ ಎಂಬ ಪೂರ್ವಕಥೆ ಸೇರಿತು. ಇವುಗಳಲ್ಲಿ ಮರ್ಸಿಯ ಪ್ರಸಂಗ ವಿಶೇಷ ಗಮನಕ್ಕೆ ಅರ್ಹ.

ಮರ್ಸಿಯ ತಂದೆ ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಬುಡಕಟ್ಟಿನವನು. ಅವಳು ಬೇಕೆಂದಾಗ ಕಾಯೋಟಿ, ಎಂದರೆ ಅಮೆರಿಕದ ಗುಳ್ಳೆನರಿಯಂಥ ಪ್ರಾಣಿಯ ರೂಪ ತಾಳಬಲ್ಲಳು. ತೋಳಮಾನವರ ನಡುವೆ ಬೆಳೆದು, ಇತಿಹಾಸದಲ್ಲಿ ಪದವಿ ಪಡೆದು, ವಾಷಿಂಗ್ಟನ್ ರಾಜ್ಯದ ಟ್ರೈ-ಸಿಟೀಸ್‌ನಲ್ಲಿ ಕಾರು ರಿಪೇರಿ ಮಾಡಿ ಬದುಕುತ್ತಾಳೆ. ಅವಳು ಆ ಊರಿಗೆ, ಆ ಗ್ಯಾರೇಜಿಗೆ ಹೇಗೆ ಬಂದಳು ಎಂಬುದೇ ‘ಹೋಮ್‌ಕಮಿಂಗ್’ ಕಥೆ. ‘ಹೇಗಾದಳು’ ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿತ್ತು. ಪೂರ್ವಕಥೆಯ ಸಾಲ ತೀರಿತ್ತು.

ದೂರು ಬಂದದ್ದು ಚಿತ್ರದ ಬಗ್ಗೆ. ಪುಸ್ತಕವನ್ನು ಫ್ರಾನ್ಸಿಸ್ ತ್ಸಾಯ್ ಮತ್ತು ಅಮೀಲಿಯಾ ವೂ ಎಂಬ ಇಬ್ಬರು ಕಲಾವಿದರು ಬರೆದಿದ್ದರು. ಇಬ್ಬರ ಕೈಯ ಬಾಗು ಬೇರೆ. ನಡುವೆ ಶೈಲಿ ಬದಲಾದಾಗ ಮರ್ಸಿಯೇ ಬದಲಾದಂತೆ ಓದುಗರಿಗೆ ಅನಿಸಿತು. ಅಕ್ಷರದಲ್ಲಿ ಒಬ್ಬಳೇ ಆಗಿದ್ದವಳು ಒಂದೇ ಪುಸ್ತಕದಲ್ಲಿ ಇಬ್ಬರಾಗಿದ್ದಳು. ತ್ಸಾಯ್ ಅವರ ಮುಂದಿನ ಬದುಕು ಈ ದೂರುಗಳನ್ನೆಲ್ಲ ಸಣ್ಣದಾಗಿಸುವಂಥದು. ಎ.ಎಲ್.ಎಸ್. ಎಂಬ ನರರೋಗದಿಂದ ಅವರ ಕೈಗಳು ಶಕ್ತಿ ಕಳೆದುಕೊಂಡವು. ಅವರು ಕಾಲ ಬೆರಳಿನಿಂದ ಫೋನಿನ ಪರದೆಯ ಮೇಲೆ ಬರೆದರು. ಅದೂ ಆಗದಾದಾಗ ಕಣ್ಣಿನ ಚಲನೆ ಗುರುತಿಸುವ ಯಂತ್ರದ ನೆರವಿನಿಂದ ಚಿತ್ರ ಬರೆದರು. 2015ರಲ್ಲಿ ತೀರಿಕೊಂಡರು. ಓದುಗನಿಗೆ ಪಾತ್ರ ಎಷ್ಟು ಸ್ವಂತದ್ದೋ ಚಿತ್ರಕಾರನಿಗೆ ಗೆರೆಯೂ ಅಷ್ಟೇ ಸ್ವಂತದ್ದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಮರ್ಸಿಯ ಕಾದಂಬರಿಗಳ ಮುಖಪುಟಗಳ ಬಗ್ಗೆಯೂ ಇಂಥದೇ ಚರ್ಚೆಯಿತ್ತು. ಕಥೆಯಲ್ಲಿ ಅವಳಿಗಿರುವುದು ಪ್ರಾಣಿಯ ಹೆಜ್ಜೆ ಗುರುತಿನ ಒಂದೇ ಹಚ್ಚೆ. ಡ್ಯಾನ್ ಡಾಸ್ ಸಾಂಟೋಸ್ ಅವರ ಮುಖಪುಟಗಳಲ್ಲಿ ತೋಳ ತುಂಬ ಹಚ್ಚೆ. ಗ್ರೀಸು ಮೆತ್ತಿದ ಕೈಗಳ, ತನ್ನ ದುಡಿಮೆಯಿಂದ ಬದುಕುವ ಹೆಣ್ಣನ್ನು ಓದುಗರು, ಅದರಲ್ಲೂ ಓದುಗಿಯರು ಪ್ರೀತಿಸಿದ್ದು ಅವಳು ಪ್ರದರ್ಶನದ ಗೊಂಬೆಯಲ್ಲ ಎಂಬ ಕಾರಣಕ್ಕೆ. ಚಿತ್ರದಲ್ಲಿ ಅವಳು ಗೊಂಬೆಯಾದಾಗ ಅವರು ಆಕ್ಷೇಪಿಸಿದರೆ ಅದನ್ನು ಅಭಿಮಾನಿಗಳ ತಕರಾರೆಂದು ತಳ್ಳಿಹಾಕುವಂತಿಲ್ಲ. ಮೂಲನಿವಾಸಿ ರಕ್ತದ ಪಾತ್ರದ ಮೈಬಣ್ಣ, ಮುಖಲಕ್ಷಣಗಳನ್ನು ಹೇಗೆ ತೋರಿಸಲಾಗಿದೆ ಎಂಬ ಪ್ರಶ್ನೆಯೂ ಇದೇ ಜಾತಿಯದು. ಅಕ್ಷರ ಇಂಥ ಪ್ರಶ್ನೆಗಳನ್ನು ಮುಂದೂಡಬಲ್ಲದು. ಚಿತ್ರ ಅಲ್ಲಿಯೇ ಉತ್ತರ ಕೊಡಬೇಕು.

ಎಲ್ಲರ ಕೃಷ್ಣ, ಒಬ್ಬೊಬ್ಬರ ಸ್ವಾಮಿ

ಅಮೆರಿಕದ ಚಿತ್ರಕಥಾಕಾರ ಸ್ಕಾಟ್ ಮೆಕ್ಲೌಡ್ 1993ರ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಗ್ರಂಥದಲ್ಲಿ ಒಂದು ಉಪಯುಕ್ತ ವಿಚಾರ ಮಂಡಿಸಿದ್ದಾರೆ. ಮುಖದ ಚಿತ್ರ ಎಷ್ಟು ಸರಳವೋ ಅಷ್ಟು ಹೆಚ್ಚು ಜನ ಅದರಲ್ಲಿ ತಮ್ಮನ್ನು ಕಾಣುತ್ತಾರೆ. ವಿವರ ಹೆಚ್ಚಿದಂತೆ ಅದು ಇನ್ನೊಬ್ಬರ ಮುಖವಾಗುತ್ತದೆ. ಎರಡು ಚುಕ್ಕಿ, ಒಂದು ಗೆರೆ ಯಾರ ಮುಖವೂ ಆಗಬಹುದು. ಸ್ಯಾಫ್ ಅವರ ವಿವರಭರಿತ ಶೈಲಿ ಷಿಕಾಗೊ ನಗರಕ್ಕೆ ಒಪ್ಪಿತು, ಗೊರಿಲ್ಲಾಕ್ಕೂ ಒಪ್ಪಿತು. ಓದುಗರ ಒಳಗಿದ್ದ ಹ್ಯಾರಿಗೆ ಮಾತ್ರ ಅದೇ ವಿವರ ಇಕ್ಕಟ್ಟು ತಂದಿತು.

ಹಾಗಾದರೆ ಚಿತ್ರಕಥೆಗೆ ಓದುಗರು ಯಾವಾಗಲೂ ಮುನಿಯುತ್ತಾರೆಯೇ? ಇಲ್ಲ ಎನ್ನಲು ಭಾರತದಲ್ಲೇ ಸಾಕ್ಷಿಯಿದೆ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಥೆಗಳ ಹತ್ತು ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಅಮರ ಚಿತ್ರಕಥೆಯ ಬೇರು ಅಲ್ಲಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಅದು ಪುರಾಣಗಳತ್ತ ತಿರುಗಿತು, ಚಿತ್ರ ಬರೆದವರು ರಾಮ್ ವಾಯೀರ್‌ಕರ್. ಆ ಕೃಷ್ಣನನ್ನು ಕಂಡು ‘ನನ್ನ ಕೃಷ್ಣ ಹೀಗಿಲ್ಲ’ ಎಂಬ ಕೂಗು ಏಳಲಿಲ್ಲ. ದೇವಾಲಯದ ಶಿಲ್ಪ, ಯಕ್ಷಗಾನದ ವೇಷ, ರವಿವರ್ಮನ ಚಿತ್ರಗಳ ಅಚ್ಚು ಪ್ರತಿಗಳು ಕೃಷ್ಣನಿಗೆ ಮೊದಲೇ ಒಂದು ಸಾರ್ವಜನಿಕ ಮುಖ ಕೊಟ್ಟಿದ್ದವು. ಪುರಾಣದ ನಾಯಕ ಊರೊಟ್ಟಿನ ಆಸ್ತಿ. ಕಾದಂಬರಿಯ ನಾಯಕ ಹಾಗಲ್ಲ. ಏಕಾಂತದ ಓದಿನಲ್ಲಿ ಹುಟ್ಟಿದ ಅವನು ಒಬ್ಬೊಬ್ಬರ ಖಾಸಗಿ ಆಸ್ತಿ.

ಆ ಖಾಸಗಿ ಮುಖವೂ ಸಾರ್ವಜನಿಕವಾಗಬಹುದು ಎಂಬುದಕ್ಕೆ ಆರ್.ಕೆ. ನಾರಾಯಣ್ ಅವರ ಸ್ವಾಮಿ ಉದಾಹರಣೆ. 1935ರ ಕಾದಂಬರಿಯ ಹುಡುಗನಿಗೆ ಅರ್ಧ ಶತಮಾನ ಒಬ್ಬೊಬ್ಬ ಓದುಗ ಒಂದೊಂದು ಮುಖ ಕೊಟ್ಟಿದ್ದ. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಸರಣಿಯನ್ನು ಆಗುಂಬೆಯಲ್ಲಿ ಚಿತ್ರಿಸಿದ ಮೇಲೆ ದೇಶಕ್ಕೆಲ್ಲ ಸ್ವಾಮಿ ಎಂದರೆ ಮಾಸ್ಟರ್ ಮಂಜುನಾಥ್. ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಯಾವ ನಕ್ಷೆಯಲ್ಲೂ ಇಲ್ಲದ ಊರಿಗೆ ಒಂದು ನಿಲ್ದಾಣ ಸಿಕ್ಕಿತು. ಗಳಿಸಿದ್ದು ದೊಡ್ಡದು, ಅದರ ಜತೆಗೆ ಓದುಗರು ಕಟ್ಟಿಕೊಂಡಿದ್ದ ಬೇರೆ ಬೇರೆ ಮಾಲ್ಗುಡಿಗಳು ಹಿಂದೆ ಸರಿದವು ಎಂಬುದೂ ಅಷ್ಟೇ ನಿಜ.

ಹ್ಯಾರಿಯ ವಿಷಯದಲ್ಲಿ ಇದು ಇನ್ನೂ ಇತ್ಯರ್ಥವಾಗಿಲ್ಲ. ‘ಸ್ಟಾರ್ಮ್ ಫ್ರಂಟ್’ ಚಿತ್ರರೂಪವನ್ನೂ ಸ್ಯಾಫ್ ಬರೆದರು. 2013ರಿಂದ ಡೈನಮೈಟ್ ಪ್ರಕಾಶನ ಬೇರೆ ಕಲಾವಿದರಿಂದ ‘ಗೂಲ್ ಗಾಬ್ಲಿನ್’, ‘ವಾರ್ ಕ್ರೈ’ ಮೊದಲಾದ ಹೊಸ ಚಿತ್ರಕಥೆಗಳನ್ನು ತಂದಿತು. ಪ್ರತಿ ಕಲಾವಿದನ ಕೈಯಲ್ಲೂ ಹ್ಯಾರಿ ತುಸು ಬೇರೆಯಾದ. ಕಾದಂಬರಿಗಳ ಸಂಖ್ಯೆ 2020ರ ಹೊತ್ತಿಗೆ ಹದಿನೇಳಕ್ಕೆ ಏರಿತ್ತು. ಚಿತ್ರಕಥೆಯಿಂದಲೇ ಓದು ಆರಂಭಿಸಿದವರಿಗೆ ಹ್ಯಾರಿಯ ಮುಖದ ಬಗ್ಗೆ ದೂರಿಲ್ಲ. ಅವರು ಕಾದಂಬರಿ ತೆರೆದಾಗ ಸ್ಯಾಫ್ ಬರೆದ ಮುಖವೇ ಮಾತಾಡುತ್ತದೆ. ಹಳಬರಿಗೆ ಮಾತ್ರ ಆ ಮುಖ ಇಂದಿಗೂ ಅತಿಥಿ. ಅವರು ಪುಸ್ತಕ ಮುಚ್ಚಿ ಮುಂದಿನ ಕಾದಂಬರಿ ಹಿಡಿದರೆ ನಾಲ್ಕು ಪುಟ ದಾಟುವುದರೊಳಗೆ ತಮ್ಮ ಹ್ಯಾರಿಯೇ ಹಿಂತಿರುಗುತ್ತಾನೆ, ತಲೆಯ ಮೇಲೆ ಟೋಪಿಯಿಲ್ಲದೆ.